ಮೈಸೂರಿನ ಕೋಲ್ಮನ್ ಸಾಹೇಬರು

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಕವಿಗಳನ್ನೂ ಏಕೀಕರಣಕ್ಕಾಗಿ ದುಡಿದ ಹಿರಿಯರನ್ನೂ ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಆಗತಕ್ಕದ್ದೇ. ಈ ಸಲ ಮಾತ್ರ, ಕನ್ನಡ ತಾಯ್ನುಡಿಯಲ್ಲದ, ಕಡಲಾಚೆಯಿಂದ ಬಂದು ಕನ್ನಡ ನಾಡಿನ ಹೊಲತೋಟಗಳಲ್ಲಿ ತಮ್ಮ ಪ್ರಾಯವನ್ನು ಸವೆಸಿದ ಒಬ್ಬರ ವಿಷಯವಾಗಿ ನಾಲ್ಕು ಮಾತು ಬರೆಯಲು ಸಂಪಾದಕ ಮಿತ್ರರಲ್ಲಿ ಅವಕಾಶ ಬೇಡಿದೆ. ಹಳೆಯ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮೊದಲ ಡೈರೆಕ್ಟರ್ ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರೇ ಆ ಹಿರಿಯರು. ಪುಣೆಯ ಅಂಗಡಿಯಲ್ಲಿ ನಾಚಣಿ ಎಂದು ಕೇಳಿ ರಾಗಿಹಿಟ್ಟನ್ನು ಕೊಂಡುತರುವ ನಮ್ಮ ಮನೆಗಳವರು, ಬೆಳಗಿನ ಕಾಫಿಯಿಲ್ಲದೆ ಕಚೇರಿಗೆ ಹೊರಡದ ನಮ್ಮಂಥವರು, ಊಟದ ಮೇಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವ ಹಿರಿಯರು, ಎಲ್ಲರೂ ಅವರಿಗೆ ಸ್ವಲ್ಪ ಸ್ವಲ್ಪ ಋಣಿಗಳು.

ವಿಜ್ಞಾನದ ವಿಷಯ ಬರೆಯತಕ್ಕ ಯೋಗ್ಯತೆ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಯಾದವನು. ಪುಣೆಗೆ ವರ್ಗವಾಗಿ ಬರುವ ಮುಂಚೆ ಕೆಲವು ಕಾಲ ವಿದರ್ಭದ ಒಂದು ಶಾಖೆಯಲ್ಲಿದ್ದೆ. ಹತ್ತಿಯ ಬೆಳೆಗಾರರ ಸಾಲದ ಅರ್ಜಿಗಳನ್ನು ನೋಡುವುದು ಅಲ್ಲಿ ನನ್ನ ಕೆಲಸವಾಗಿತ್ತು. ಅರ್ಜಿಯೊಡನೆ ಬರುವ ಖರ್ಚಿನ ಪಟ್ಟಿಯಲ್ಲಿ ಬೀಜಕ್ಕೆ ಒಂದು ಕಲಮು, ಔಷಧಿಗೆ ಇನ್ನೊಂದು ಕಲಮು. ಬೀಜವೆಂದರೆ ಕುಲಾಂತರಿ ಹತ್ತಿಯ ಬೀಜ; ಕಾಯಿ ಕೊರೆಯುವ ಹುಳುವಿಗೆ ಬೇಕಾದ ವಿಷವನ್ನು ಗಿಡವೇ ತನ್ನ ಮೈಯೊಳಗೆ ತಯಾರಿಸಿಕೊಳ್ಳುವಂತೆ ಮಾಡಿದ ಬೀಜ. ಹಾಗಿದ್ದಮೇಲೆ ಮೊದಲನೆಯ ಕಲಮು ಏರಿದರೆ ಎರಡನೆಯದು ಇಳಿಯಬೇಕೆಂಬುದು ಲೆಕ್ಕ ಬಲ್ಲ ಯಾರಿಗಾದರೂ ತೋರುವ ಮಾತು. ೨೦೧೭ರಲ್ಲಿ ಹಾಗಾಗಲಿಲ್ಲ. ಗುಲಾಬಿ ಕಾಯಿಕೊರಕವು ಆ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ಎರಡು ಕಲಮುಗಳೂ ಒಟ್ಟಿಗೆ ಏರಿದುವು. ಅದೇ ವರ್ಷ ಯವತಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಔಷಧಿ ಸಿಂಪಡಿಸುತ್ತಿದ್ದಾಗಲೇ ವಿಷವೇರಿ ಹಲವು ಮಂದಿ ರೈತರೂ ಕೂಲಿಗಳೂ ಸತ್ತರು.

ಒಂದು ಸಂಜೆ ಅರ್ಜಿಗಳ ಕಟ್ಟನ್ನು ಬಿಗಿಯುತ್ತಿದ್ದಾಗ ನನಗೆ ಕೊಪ್ಪ ಸೀಮೆಯ ನಮ್ಮ ಅಜ್ಜನ ಅಡಿಕೆ ತೋಟವೂ, ಅಜ್ಜನ ಪಂಚೆಯ ಮೇಲಿನ ಮೈಲುತುತ್ತದ ನೀಲಿ ಕಲೆಯೂ ನೆನಪಾದುವು. ಮದ್ದನ್ನು ಗಿಡದ ಮೇಲೆ ಹಾಕುವುದು ಒಳ್ಳೆಯದೋ, ಬೀಜದೊಳಗೇ ಇಟ್ಟುಬಿಡುವುದು ಒಳ್ಳೆಯದೋ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಅದನ್ನು ಎರಡು ತುದಿಗಳಿಂದಲೂ ಹಿಡಿದು ನೋಡಿದವರು ಕೋಲ್ಮನ್ನರು.

ಅವರು ಹುಟ್ಟಿದ್ದು ೧೮೭೮ರಲ್ಲಿ, ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಆಮೇಲೆ ಜರ್ಮನಿಯ ಗಟ್ಟಿಂಗನ್ನಿಗೆ ಹೋಗಿ ಡಾಕ್ಟರ್ ಪದವಿ ಪಡೆದರು. ಅಲ್ಲಿ ಅವರು ಅಭ್ಯಾಸಕ್ಕೆ ತೆಗೆದುಕೊಂಡ ವಿಷಯ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. ಅವು ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುವ ಕ್ರಮ. ಆ ಕಾಲ ಜೀವಶಾಸ್ತ್ರಕ್ಕೆ ಒಂದು ಹಬ್ಬದ ಕಾಲ. ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಕೂಡಿಸಿ ಎಣಿಸುತ್ತಿದ್ದ ಗ್ರೆಗೊರ್ ಮೆಂಡೆಲ್ ೧೮೬೬ರಲ್ಲಿ ಪ್ರಕಟಿಸಿ ಯಾರೂ ಗಮನಿಸದೆ ಬಿಟ್ಟಿದ್ದ ಲೆಕ್ಕ ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಿತ್ತು. ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಹಾಲುನೀರಿನಂತೆ ಬೆರೆತುಹೋಗುವುದಿಲ್ಲ, ಎಳ್ಳುಜೀರಿಗೆಯಂತೆ ಬೇರೆ ಬೇರೆಯಾಗಿಯೇ ಉಳಿದು ಮುಂದಿನ ತಲೆಮಾರಿನಲ್ಲಿ ಮತ್ತೆ ಎದ್ದುಕಾಣಬಲ್ಲವು ಎಂಬುದೇ ಆ ಲೆಕ್ಕದ ಸಾರ. ಬೇಸಾಯಗಾರನಿಗೆ ಇದರ ಅರ್ಥ ದೊಡ್ಡದು: ಒಂದು ಗಿಡದ ರೋಗ ತಡೆಯುವ ಗುಣವನ್ನು ಎತ್ತಿ ಇನ್ನೊಂದು ಗಿಡಕ್ಕೆ ಕೊಡುವುದು ಸಾಧ್ಯ.

ಕೋಲ್ಮನ್ನರು ೧೯೦೮ರಲ್ಲಿ ಮೈಸೂರು ಸರ್ಕಾರದ ಚಾಕರಿಗೆ ಬಂದರು. ಬೆಳೆಗಳಿಗೆ ಬರುವ ಬೂಷ್ಟುರೋಗಗಳನ್ನೂ ಕೀಟಗಳನ್ನೂ ನೋಡಿಕೊಳ್ಳತಕ್ಕ ಅಧಿಕಾರಿ ಎಂದು ನೇಮಕ. ಅವರಿಗಿಂತ ಮುಂಚೆ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಬಂದು ನೆಲ ಹದಮಾಡಿದ್ದರು. ಮಹಾರಾಣಿಯವರು ರಾಜ್ಯದ ಹೊಣೆ ಹೊತ್ತಿದ್ದಾಗ, ೧೮೯೯ರಲ್ಲಿ, ಪ್ರಯೋಗದ ಬೇಸಾಯಕ್ಕೆಂದು ಹೆಬ್ಬಾಳದಲ್ಲಿ ೩೦ ಎಕರೆ ಜಮೀನನ್ನು ಕೊಟ್ಟಿದ್ದರು. ಆದರೆ ಕೋಲ್ಮನ್ನರನ್ನು ಮೊದಲು ಎಳೆದುದು ಹೆಬ್ಬಾಳದ ಬಯಲಲ್ಲ, ಮಲೆನಾಡಿನ ಮಳೆ.

ಅಡಿಕೆಯ ಕೊಳೆರೋಗವನ್ನು ಕಂಡವರೇ ಬಲ್ಲರು. ಆಷಾಢದ ಮಳೆ ಹಿಡಿದು ಬಿಡದೆ ಸುರಿಯುತ್ತಿರುವಾಗ ಎಳೆಯ ಕಾಯಿಗಳ ಮೇಲೆ ನೀರು ಹೀರಿದಂತಹ ಕಲೆ ಏಳುತ್ತದೆ. ಮೂರು ನಾಲ್ಕು ದಿನಕ್ಕೆ ಅದರ ಮೇಲೆ ಬಿಳಿಯ ಬೂಷ್ಟು. ಆಮೇಲೆ ರಾತ್ರಿಯೆಲ್ಲ ತೋಟದಲ್ಲಿ ಕಾಯಿ ಬೀಳುವ ಸದ್ದು. ಬೆಳಗಾದರೆ ಮರದ ಬುಡದಲ್ಲಿ ವರ್ಷದ ಬದುಕು ಕೊಳೆತು ಬಿದ್ದಿರುತ್ತದೆ. ಕೆಲವು ಸಲ ಮರದ ಸುಳಿಯೇ ಕೊಳೆತು ಮರವೂ ಹೋಗುವುದುಂಟು. ನಮ್ಮ ಹಿರಿಯರು ಸುಮ್ಮನೆ ಕೈಕಟ್ಟಿ ಕುಳಿತವರಲ್ಲ. ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮಳೆಗಾಲಕ್ಕೆ ಮುಂಚೆ ಮರ ಹತ್ತಿ, ಒಂದೊಂದು ಕೊನೆಗೂ ಮಕ್ಕಳಿಗೆ ಕುಲಾವಿ ಹಾಕಿದಂತೆ ಕಟ್ಟುತ್ತಿದ್ದರು. ಕಾಯಿಗೆ ನೀರು ತಾಗದಿದ್ದರೆ ರೋಗವಿಲ್ಲ ಎಂಬುದನ್ನು ಅವರು ಯಾವ ಪುಸ್ತಕವೂ ಇಲ್ಲದೆ ಕಂಡುಕೊಂಡಿದ್ದರು. ಈ ತಿಳಿವಳಿಕೆ ತಪ್ಪಲ್ಲ. ಕೊಟ್ಟೆಯ ಖರ್ಚೂ ಶ್ರಮವೂ ಮಾತ್ರ ಸಣ್ಣ ಹಿಡುವಳಿದಾರನಿಗೆ ಮೀರಿದ್ದು.

ಕೋಲ್ಮನ್ನರು ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ ಜೀವಿಯೇ ಇದಕ್ಕೆ ಕಾರಣವೆಂದು ತೋರಿಸಿದರು. ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ನಾಶಮಾಡಿ ಜನರನ್ನು ಉಪವಾಸ ಕೆಡವಿದುದು ಇದರ ದಾಯಾದಿಯೇ. ಅದರ ಬೀಜಾಣುಗಳು ನೀರಿನ ಹನಿಯಲ್ಲಿ ಈಜಬಲ್ಲವು. ಕೊಟ್ಟೆ ಕಟ್ಟಿದ ಹಿರಿಯರ ತರ್ಕಕ್ಕೆ ಹೀಗೆ ಶಾಸ್ತ್ರದ ಬೆಂಬಲ ದೊರೆಯಿತು. ೧೯೧೦ರಲ್ಲಿ ಈ ಸಂಶೋಧನೆ ಇಲಾಖೆಯ ಪುಸ್ತಿಕೆಯಾಗಿ ಹೊರಬಂದಿತು. ಆ ಜೀವಿಯ ಶಾಸ್ತ್ರೀಯ ಹೆಸರಿನ ಬೆನ್ನಿಗೆ ಕೋಲ್ಮನ್ನರ ಹೆಸರು ಸೇರಿಕೊಂಡಿತು.

ಮದ್ದೇನೋ ಸಿದ್ಧವಾಗಿಯೇ ಇತ್ತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ೧೮೮೫ರ ಸುಮಾರಿನಿಂದ ಹೊಡೆಯುತ್ತಿದ್ದ ಮೈಲುತುತ್ತ ಸುಣ್ಣಗಳ ದ್ರಾವಣ ಅದು. ಆದರೆ ದ್ರಾಕ್ಷಿಯ ಸೀಮೆಯ ಮಳೆಯೆಲ್ಲಿ, ಆಗುಂಬೆ ಶೃಂಗೇರಿಗಳ ಮಳೆಯೆಲ್ಲಿ! ಬೆಳಗ್ಗೆ ಹೊಡೆದ ಮದ್ದು ಮಧ್ಯಾಹ್ನಕ್ಕೆ ಹಳ್ಳ ಸೇರಬೇಕು. ಕೋಲ್ಮನ್ನರು ಅದಕ್ಕೆ ರಾಳವನ್ನೂ ಸೋಡಾವನ್ನೂ ಕಾಯಿಸಿ ಬೆರೆಸಿ, ಕಾಯಿಯ ನುಣುಪು ಮೈಗೆ ಅಂಟಿಕೊಳ್ಳುವ ಹಾಗೆ ಮಾಡಿದರು. ದೊಡ್ಡ ಸಿದ್ಧಾಂತಗಳ ಮುಂದೆ ಇದು ಚಿಕ್ಕ ಕೆಲಸವಾಗಿ ಕಾಣಬಹುದು. ಆದರೆ ತೋಟದವನಿಗೆ ಬೇಕಾದುದು ಸಿದ್ಧಾಂತವಲ್ಲ, ಅಂಟು.

ನಮ್ಮ ಅಜ್ಜ ಹಂಡೆಯಲ್ಲಿ ಕಲಸಿದ ದ್ರಾವಣಕ್ಕೆ ಉಜ್ಜಿದ ಕತ್ತಿಯ ತುದಿಯನ್ನು ಅದ್ದಿ ತೆಗೆದು ನೋಡುತ್ತಿದ್ದರು. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹೊಡೆದರೆ ಗಿಡ ಸುಡುತ್ತದೆ; ಇನ್ನಷ್ಟು ತಿಳಿಸುಣ್ಣ ಸುರಿಯಬೇಕು. ಈ ಪರೀಕ್ಷೆ ಅಜ್ಜನದೇ ಎಂದು ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಕೋಲ್ಮನ್ನರ ಹೆಸರನ್ನು ಅಜ್ಜ ಒಂದು ದಿನವೂ ಎತ್ತಿದ್ದಿಲ್ಲ. ಅವರಿಗೆ ಅದು ಗೊತ್ತಿತ್ತೆಂದೂ ನನಗೆ ತೋರುವುದಿಲ್ಲ.

ಇದೇ ಕಾಲದಲ್ಲಿ ಜೋಳದ ಹೊಲಗಳನ್ನು ಮೇಯುತ್ತಿದ್ದ ಒಂದು ಮಿಡತೆಯ ಬೆನ್ನೂ ಅವರು ಹತ್ತಿದರು. ರೆಕ್ಕೆಯಿಲ್ಲದ ವಿಚಿತ್ರ ಪ್ರಾಣಿ. ಸ್ಪೇನಿನ ಪಂಡಿತರೊಬ್ಬರು ಅದಕ್ಕೆ ಕೋಲ್ಮನಿಯ ಎಂದೇ ನಾಮಕರಣ ಮಾಡಿದರು. ಒಬ್ಬ ಮನುಷ್ಯನ ಹೆಸರು ರೋಗಕ್ಕೂ ಮಿಡತೆಗೂ ಅಂಟಿಕೊಂಡು ಉಳಿಯುವುದು ಗೌರವವೋ ಪರಿಹಾಸವೋ ನಾನು ಅರಿಯೆ.

೧೯೧೩ರಲ್ಲಿ ಅವರು ವ್ಯವಸಾಯ ಇಲಾಖೆಯ ಡೈರೆಕ್ಟರರಾದರು. ದಿವಾನಗಿರಿಯಲ್ಲಿ ವಿಶ್ವೇಶ್ವರಯ್ಯನವರಿದ್ದ ಕಾಲ. ಅದೇ ವರ್ಷ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾಯಿತು. ಮುಂದೆ ೧೯೪೬ರಲ್ಲಿ ಅದು ಕಾಲೇಜಾಗಿ, ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬೇರಾಯಿತು. ಆದರೆ ಕಟ್ಟಡಗಳ ಮಾತು ಸಾಕು. ಅಲ್ಲಿ ರಾಗಿಯ ಮೇಲೆ ನಡೆದ ಕೆಲಸವನ್ನು ಹೇಳಬೇಕು.

ಮೈಸೂರು ಸೀಮೆಯ ಬಡವನ ಅನ್ನ ರಾಗಿ. ಅದರ ಹೊಲದಲ್ಲಿ ಎಲ್ಲ ತೆನೆಗಳೂ ಒಂದೇ ಬಗೆಯವಲ್ಲ; ಕೆಲವು ಮುಷ್ಟಿ ಕಟ್ಟಿರುತ್ತವೆ, ಕೆಲವು ಬೆರಳು ಬಿಚ್ಚಿರುತ್ತವೆ, ಕೆಲವು ಮಳೆ ಕೈಕೊಟ್ಟರೂ ನಿಲ್ಲುತ್ತವೆ. ಕೋಲ್ಮನ್ನರೂ ಅವರ ಜೊತೆಯವರೂ ೧೯೧೩ರಿಂದ ಇಂತಹ ಬಿಡಿ ತೆನೆಗಳನ್ನು ಆರಿಸಿ, ಒಂದೊಂದನ್ನೂ ಬೇರೆ ಸಾಲಿನಲ್ಲಿ ಬಿತ್ತಿ, ತೂಗಿ, ಮತ್ತೆ ಬಿತ್ತಿ, ಮತ್ತೆ ತೂಗಿದರು. ಇದರ ಫಲವಾಗಿ ೧೯೧೮ರಲ್ಲಿ ಎಚ್. ೨೨ ಎಂಬ ತಳಿ ರೈತರ ಕೈಗೆ ಬಂದಿತು. ರಾಗಿಯ ಹೂ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವುದರಿಂದ ಈ ಬೀಜವನ್ನು ಒಮ್ಮೆ ತಂದವನು ವರ್ಷವರ್ಷವೂ ತನ್ನ ಕಣಜದಿಂದಲೇ ಬಿತ್ತಬಹುದಾಗಿತ್ತು. ನೆರೆಯವನಿಗೆ ಒಂದು ಸೇರು ಕೊಡಲೂಬಹುದಾಗಿತ್ತು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಆರಿಸುವುದು ಒಂದು ಕೆಲಸ, ಕೂಡಿಸುವುದು ಇನ್ನೊಂದು. ರಾಗಿಯ ಹೂ ಸಾಸಿವೆಗಿಂತ ಕಿರಿದು. ಅದರ ಗಂಡುಭಾಗವನ್ನು ಕಿತ್ತು ಬೇರೆ ಗಿಡದ ಪರಾಗವನ್ನು ಹಾಕುವುದು ಬಲು ತಾಳ್ಮೆಯ ಕೆಲಸ. ಅದನ್ನು ಸಾಧಿಸಿ ಹೆಸರಾದವರು ಮುಂದಿನ ಪೀಳಿಗೆಯ ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂನಲ್ಲಿ ಕುಳಿತು ಅವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ನೆಂಟಸ್ತಿಕೆ ಬೆಳೆಸಿದರು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳನ್ನು ಬೆಸೆದು ಆ ತಳಿಗಳಿಗೆ ಇಂಡಾಫ್ ಎಂದು ಹೆಸರಾಯಿತು. ರಾಗಿ ಮೂಲದಲ್ಲಿ ಆಫ್ರಿಕದಿಂದಲೇ ಬಂದ ಧಾನ್ಯವಾದುದರಿಂದ ಇದನ್ನು ತವರಿನ ಸಂಬಂಧವೆಂದೇ ಹೇಳಬೇಕು. ರಾಗಿ ಲಕ್ಷ್ಮಣಯ್ಯನವರ ಚರಿತ್ರೆ ಬೇರೆಯೇ ಒಂದು ಲೇಖನವಾಗತಕ್ಕದ್ದು.

ಈಗ ಕಾಫಿಯ ಮಾತಿಗೆ ಬರೋಣ. ನನ್ನ ಮಟ್ಟಿಗೆ ಕೋಲ್ಮನ್ನರ ಜೀವನದ ಹೃದಯವಿರುವುದು ಇಲ್ಲಿ. ೧೮೬೯ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಇಪ್ಪತ್ತು ವರ್ಷಗಳೊಳಗೆ ಅಲ್ಲಿಯ ಕಾಫಿ ಹಾಳಾಗಿ ಜನ ಟೀ ಹಾಕಿದರು. ಆ ತುಕ್ಕುರೋಗ ನಮ್ಮ ಬಾಬಾಬುಡನ್ ಬೆಟ್ಟದ ಸೀಮೆಗೂ ಕೊಡಗಿಗೂ ಹಬ್ಬಿತು. ತೋಟಗಾರರು ಒಂದು ತಳಿ ಸತ್ತರೆ ಇನ್ನೊಂದನ್ನು ಹುಡುಕಿದರು. ೧೯೧೧ರಲ್ಲಿ ಕೆಂಟ್ ಎಂಬ ತೋಟಗಾರರು ತಮ್ಮ ದೊಡ್ಡೆನ್‌ಗುಡ್ಡ ತೋಟದಲ್ಲಿ ತುಕ್ಕು ಹಿಡಿಯದ ಗಿಡವನ್ನು ಕಂಡು ಅದರ ಬೀಜವನ್ನು ಬೆಳೆಸಿದರು. ಎಲ್ಲರೂ ಕೆಂಟ್ಸ್ ಹಾಕಿದರು. ಕೆಲವು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಕೆಂಟ್ಸಿಗೂ ತುಕ್ಕು ಬಂದಿತು.

ಇಲ್ಲಿ ಬೋರ್ಡೋ ದ್ರಾವಣವನ್ನೇ ಹೊಡೆಯಬಹುದಾಗಿತ್ತು, ಹೊಡೆಯುತ್ತಲೂ ಇದ್ದರು. ಆದರೆ ಮದ್ದಿಗೆ ಕೊನೆಯಿಲ್ಲ, ಖರ್ಚಿಗೂ ಕೊನೆಯಿಲ್ಲ. ಮೈಸೂರು ಸರ್ಕಾರ ೧೯೧೫ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕವನ್ನು ತೆರೆದಿತ್ತು. ಕೋಲ್ಮನ್ನರ ಮುಂದಾಳುತನದಲ್ಲಿ ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಯಂ ಕಾಫಿ ಪ್ರಯೋಗ ಕೇಂದ್ರ ಏರ್ಪಟ್ಟಿತು. ಅಲ್ಲಿ ಕೆಲಸ ಮಾಡಿದ ಮೇನ್ ಎಂಬ ವಿಜ್ಞಾನಿ ೧೯೩೨ರಲ್ಲಿ ತುಕ್ಕಿನ ಗುಟ್ಟನ್ನು ಬಿಡಿಸಿದರು: ತುಕ್ಕು ಒಂದಲ್ಲ, ಅದರಲ್ಲಿಯೂ ಬೇರೆ ಬೇರೆ ತಳಿಗಳಿವೆ, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಸೋಲಬಹುದು. ಗಿಡ ಬದಲಾದರೆ ಶತ್ರುವೂ ಬದಲಾಗುತ್ತದೆ. ಕೆಂಟ್ಸ್ ಕೆಟ್ಟಿರಲಿಲ್ಲ, ಬಂದ ತುಕ್ಕೇ ಬೇರೆಯಾಗಿತ್ತು.

ಕೇಂದ್ರದವರು ತೋಟಗಳಿಂದ ಬಗೆಬಗೆಯ ಗಿಡಗಳನ್ನು ತಂದು ಸಂಖ್ಯೆ ಕೊಟ್ಟು ಬೆಳೆಸುತ್ತಿದ್ದರು. ಅವುಗಳಲ್ಲಿ ಎಸ್. ೨೬ ಎಂಬುದೊಂದು ವಿಚಿತ್ರ ಗಿಡ. ಅರೇಬಿಕ ಕಾಫಿಗೂ, ಪಶ್ಚಿಮ ಆಫ್ರಿಕದ ಲೈಬೀರಿಕ ಎಂಬ ಬೇರೆಯೇ ಜಾತಿಯ ಕಾಫಿಗೂ ತಾನಾಗಿಯೇ ಹುಟ್ಟಿದ ಸಂತಾನ. ಅರೇಬಿಕದಲ್ಲಿ ವರ್ಣತಂತುಗಳು ೪೪, ಲೈಬೀರಿಕದಲ್ಲಿ ೨೨. ಜಾತಕ ಕೂಡುವ ಸಂಬಂಧವಲ್ಲ. ಆದರೂ ಯಾರೂ ಮಾಡಿಸದ ಈ ಮದುವೆ ನಡೆದುಹೋಗಿತ್ತು, ತುಕ್ಕನ್ನು ತಡೆಯುವ ಲೈಬೀರಿಕದ ಒಂದು ಜೀನು ಬೇಲಿ ದಾಟಿ ಅರೇಬಿಕದ ವಂಶವನ್ನು ಸೇರಿತ್ತು. ಅದರ ಪೀಳಿಗೆಯಿಂದ ಎಸ್. ೨೮೮ನ್ನು ಆರಿಸಿದರು. ರೋಗ ತಡೆಯುತ್ತಿತ್ತು, ಆದರೆ ಬೀಜ ಚೆನ್ನಾಗಿರಲಿಲ್ಲ. ಅದನ್ನು ಕೆಂಟ್ಸಿನೊಡನೆ ಕೂಡಿಸಿ, ಕಾಯಿಲೆ ತಡೆಯುವ ಗುಣವನ್ನೂ ಒಳ್ಳೆಯ ಬೀಜವನ್ನೂ ಒಂದೇ ಗಿಡದಲ್ಲಿ ಹಿಡಿದರು. ಅದೇ ಎಸ್. ೭೯೫. ೧೯೪೦ರ ದಶಕದ ನಡುವೆ ಅದು ತೋಟಗಾರರ ಕೈಸೇರಿದಾಗ ಕೋಲ್ಮನ್ನರು ಮೈಸೂರಿನಲ್ಲಿರಲಿಲ್ಲ. ಆದರೆ ನೆಟ್ಟವರು ಅವರೇ ಎಂಬುದರಲ್ಲಿ ಸಂದೇಹವಿಲ್ಲ. ಎಸ್. ೭೯೫ನ್ನು ಮುರಿಯಬಲ್ಲ ತುಕ್ಕೂ ಕಾಲಾಂತರದಲ್ಲಿ ಹುಟ್ಟಿಕೊಂಡಿತು. ಆದರೂ ಆ ಗಿಡ ಇಂದಿಗೂ ನಮ್ಮ ಬೆಟ್ಟಗಳಲ್ಲಿ ಬಹಳವಾಗಿದೆ, ಬಾಳೆಹೊನ್ನೂರಿನವರು ಹೊಸ ತಳಿ ಹುಡುಕುವುದನ್ನೂ ನಿಲ್ಲಿಸಿಲ್ಲ.

ಕಬ್ಬಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೊಯಮತ್ತೂರಿನಲ್ಲಿ ಬಾರ್ಬರ್, ವೆಂಕಟರಾಮನ್ ಅವರು ಬೆಳೆಯ ಕಬ್ಬನ್ನು ಕಾಡುಹುಲ್ಲಿನೊಡನೆ ಕೂಡಿಸಿ ಕೀರ್ತಿ ಪಡೆದಿದ್ದರು. ಮೈಸೂರಿನಲ್ಲಿಯೂ ವಿ. ಕೆ. ಬಾದಾಮಿಯವರಂಥ ನಮ್ಮ ವಿಜ್ಞಾನಿಗಳು ಈ ಕೆಲಸ ಹಿಡಿದು ಎಚ್.ಎಂ. ಎಂಬ ಅಕ್ಷರಗಳ ಕಬ್ಬಿನ ತಳಿಗಳನ್ನು ತಂದರು. ಕನ್ನಂಬಾಡಿಯ ನಾಲೆಯ ನೀರು ಮಂಡ್ಯದ ಬಯಲಿಗೆ ಬರುವ ಹೊತ್ತಿಗೆ ಅಲ್ಲಿ ಏನು ಬೆಳೆಯಬೇಕು, ಬೆಳೆದುದನ್ನು ಯಾರು ಕೊಳ್ಳಬೇಕು ಎಂಬುದನ್ನು ಯೋಚಿಸಿದವರಲ್ಲಿ ಕೋಲ್ಮನ್ನರೂ ಒಬ್ಬರು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು.

೧೯೩೪ರಲ್ಲಿ ಅವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಧಿಕಾರದಲ್ಲಿದ್ದವರು ನಿವೃತ್ತರಾದ ಮೇಲೆ ಏನು ಮಾಡುತ್ತಾರೆಂಬುದನ್ನು ನಾವೆಲ್ಲ ಬಲ್ಲೆವು. ಕೋಲ್ಮನ್ನರು ಮತ್ತೆ ಸೂಕ್ಷ್ಮದರ್ಶಕದ ಮುಂದೆ ವಿದ್ಯಾರ್ಥಿಯಂತೆ ಕುಳಿತರು. ಗಿಡಗಳ ವರ್ಣತಂತುಗಳನ್ನೂ, ಅಷ್ಟೇ ಅಲ್ಲದೆ ಮಿಡತೆಗಳ ವರ್ಣತಂತುಗಳನ್ನೂ ನೋಡಿ, ೧೯೪೩ರಲ್ಲಿ, ಅರವತ್ತೈದರ ಪ್ರಾಯದಲ್ಲಿ, ಮಿಡತೆಗಳ ಮೇಲೆ ಲೇಖನ ಪ್ರಕಟಿಸಿದರು. ಆನುವಂಶಿಕ ಗುಣಗಳನ್ನು ಹೊರುವ ವಸ್ತು ಡಿ.ಎನ್.ಎ. ಎಂಬುದಕ್ಕೆ ಅಮೆರಿಕದಲ್ಲಿ ಪುರಾವೆ ಸಿಕ್ಕಿದುದು ಮರುವರ್ಷವೇ. ಅದರ ರಚನೆ ತಿಳಿದುದು ೧೯೫೩ರಲ್ಲಿ. ಕೋಲ್ಮನ್ನರು ತೀರಿಕೊಂಡುದು ೧೯೫೪ರಲ್ಲಿ. ಬಾಗಿಲು ತೆರೆಯುವ ಹೊತ್ತಿಗೆ ಅವರು ಹೊಸ್ತಿಲಲ್ಲಿದ್ದರು.

ಆಮೇಲಿನ ಕಥೆಯನ್ನು ಪತ್ರಿಕೆ ಓದುವವರು ಬಲ್ಲರು. ೧೯೮೩ರಲ್ಲಿ ಬೇರೆ ಜೀವಿಯ ಜೀನನ್ನು ಪ್ರಯೋಗಶಾಲೆಯಲ್ಲಿ ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿದರು. ೧೯೯೪ರಲ್ಲಿ ಅಮೆರಿಕದ ಅಂಗಡಿಗಳಿಗೆ ಕುಲಾಂತರಿ ಟೊಮೇಟೊ ಬಂದಿತು. ೨೦೦೨ರಲ್ಲಿ ನಮ್ಮ ಸರ್ಕಾರ ಕುಲಾಂತರಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಅದರೊಳಗಿನ ಜೀನು ಮಣ್ಣಿನ ಒಂದು ಸೂಕ್ಷ್ಮಜೀವಿಯದು. ಕೋಲ್ಮನ್ನರು ಗಟ್ಟಿಂಗನ್ನಿನಲ್ಲಿ ಮೊದಲು ಓದಿದುದು ಅದೇ ಮಣ್ಣಿನ ಜೀವಿಗಳ ಪಾಠ. ಬದನೆಗೂ ಅದೇ ಜೀನನ್ನು ಸೇರಿಸುವ ಕೆಲಸದಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಸೇರಿತ್ತು. ಉಡುಪಿಯ ಬದನೆ, ಕುಡಚಿಯ ಬದನೆಗಳು ಅದರ ಪಟ್ಟಿಯಲ್ಲಿದ್ದುವು. ೨೦೧೦ರಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ೨೦೨೨ರಲ್ಲಿ ಸಾಸಿವೆಗೆ ದೊರೆತ ಅನುಮತಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಲೈಬೀರಿಕದ ಜೀನು ಕಾಫಿಗೆ ಬಂದುದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನ್ನುವವರಿದ್ದಾರೆ. ನಾನು ಒಪ್ಪಲಾರೆ, ಕಾಫಿ ಕಾಫಿಯ ಬೇಲಿ ದಾಟಿತು, ಇಲ್ಲಿ ಮಣ್ಣಿನ ಕ್ರಿಮಿ ಹತ್ತಿಯ ಮನೆ ಹೊಕ್ಕಿತು. ಕುಲಾಂತರಿ ಎಂದೊಡನೆ ವಿಷವೆಂದು ಹೌಹಾರುವವರನ್ನೂ ನಾನು ಒಪ್ಪಲಾರೆ. ಮೊದಲ ವರ್ಷಗಳಲ್ಲಿ ಔಷಧಿಯ ಖರ್ಚು ಇಳಿದಿತ್ತೆಂದು ವಿದರ್ಭದ ರೈತರೇ ನನಗೆ ಹೇಳಿದ್ದುಂಟು. ಗುಮಾಸ್ತೆಯ ಕಣ್ಣಿಗೆ ಕಾಣುವ ವ್ಯತ್ಯಾಸ ಬೇರೆ. ಎಚ್. ೨೨ ರಾಗಿಯ ಬೀಜ ಕಣಜದಲ್ಲಿತ್ತು, ಎಸ್. ೭೯೫ರ ಬೀಜ ತೋಟದಲ್ಲಿಯೇ ಇತ್ತು. ಈ ಹತ್ತಿಯ ಬೀಜವನ್ನು, ಅದು ಹೈಬ್ರಿಡ್ ಆದುದರಿಂದ, ಪ್ರತಿ ವರ್ಷ ಕೊಳ್ಳಬೇಕು, ಬಹುಮಟ್ಟಿಗೆ ಸಾಲ ಮಾಡಿ ಕೊಳ್ಳಬೇಕು. ಹುಳು ಬೇಗ ಬದಲಾಗದಿರಲೆಂದು ಹೊಲದ ಸುತ್ತ ಸಾಮಾನ್ಯ ಹತ್ತಿಯನ್ನೂ ಬಿತ್ತಬೇಕೆಂಬ ನಿಯಮವಿತ್ತು. ಅದಕ್ಕಾಗಿ ೪೫೦ ಗ್ರಾಮಿನ ಬೀಜದ ಜೊತೆಗೆ ೧೨೦ ಗ್ರಾಮಿನ ಸಣ್ಣ ಪೊಟ್ಟಣವನ್ನು ಬೇರೆ ಕೊಡುತ್ತಿದ್ದರು. ಜಮೀನು ನೋಡಲು ಹೋದಾಗ ಆ ಸಣ್ಣ ಪೊಟ್ಟಣಗಳು ಬಿಚ್ಚದೆ ಮಾಡದಲ್ಲಿ ಬಿದ್ದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದು ಏತಕ್ಕೆಂದು ಅವರಿಗೆ ಕುಳಿತು ತಿಳಿಸಿದವರಿರಲಿಲ್ಲ. ನಾನೂ ತಿಳಿಸಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಬಾಳೆಹೊನ್ನೂರಿನಲ್ಲಿ ಮೇನ್ ಅವರು ೧೯೩೨ರಲ್ಲಿಯೇ ಬರೆದಿಟ್ಟ ಪಾಠ ಅದು.

ಅಡಿಕೆಯ ಕೊಳೆಗೆ ಮಾತ್ರ ಬೀಜದೊಳಗಿನ ಮದ್ದು ಇಂದಿಗೂ ದೊರೆತಿಲ್ಲ. ಅಜ್ಜ ಹೋಗಿ ಬಹಳ ವರ್ಷಗಳಾದುವು. ಈ ವರ್ಷ ಮಳೆ ಹಿಡಿಯುವ ಮುಂಚೆ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಮೈಲುತುತ್ತ ಕಲಸಿ, ಕತ್ತಿಯ ತುದಿಯನ್ನು ಅದ್ದಿ ತೆಗೆದು, ಬೆಳಕಿಗೆ ಹಿಡಿದು ನೋಡುತ್ತಿದ್ದರು.